ಕುಂಕುಮ, ಕೇಸರಿ, ಅಗ್ನಿಶಿಖೆ: ಮನೆಮದ್ದಿನ ಹೆಸರುಗಳ ವಿಚಾರ

ದೇವರ ಕೋಣೆಗೂ ಅಡುಗೆಯ ಕೋಣೆಗೂ ಮದ್ದಿನ ಪೆಟ್ಟಿಗೆಗೂ ಒಂದೇ ರೀತಿಯಲ್ಲಿ ಸಲ್ಲುವ ದ್ರವ್ಯಗಳು ನಮ್ಮ ಮನೆಗಳಲ್ಲಿ ಕೆಲವೇ ಇರುವುವು. ತುಲಸಿ, ಶ್ರೀಗಂಧ, ಅರಿಶಿನ, ಕೇಸರಿ ಇವು ಅಂತಹವು. ಇವುಗಳಲ್ಲಿ ಮೊದಲಿನ ಮೂರನ್ನು ಕಣ್ಣಾರೆ ಬೆಳೆಯುವುದನ್ನು ಕಂಡು ಬಲ್ಲೆವು. ಕೇಸರಿಯ ಗಿಡವನ್ನಾದರೋ ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ನೋಡಿದವರಲ್ಲ. ಕಾಣದ ವಸ್ತುವಿನ ವಿಷಯದಲ್ಲಿ ಹೆಸರೊಂದೇ ಆಧಾರವಾಗುವುದು. ಹೆಸರು ತಪ್ಪಿದರೆ ವಸ್ತುವೂ ತಪ್ಪುವುದು. ಪ್ರಕೃತ ಲೇಖನವನ್ನು ಬರೆಯಲು ನಮಗೆ ಪ್ರೇರಣೆಯಾದದ್ದು ಅಂತಹ ಒಂದು ತಪ್ಪೇ.

ಕೆಲವು ವರ್ಷಗಳ ಹಿಂದೆ ಕಡಬದ ಸಮೀಪದ ಒಂದು ಮನೆಯಲ್ಲಿ ಪಾರಾಯಣದ ನಿಮಿತ್ತ ನಾವು ತಂಗಿದ್ದೆವು. ಊಟವಾಗಿ ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದಾಗ ಆ ಮನೆಯ ಆರು ವರ್ಷದ ಮಗುವಿನ ಹಣೆಯ ಮೇಲೆ ಕೆಂಪಾಗಿ ಉಬ್ಬಿದ, ಅಲ್ಲಲ್ಲಿ ನೀರು ಒಸರುವ ಗಾಯವನ್ನು ಕಂಡು ವಿಚಾರಿಸಿದೆವು. ಮಗುವಿಗೆ ತಲೆನೋವು ಬಂದಿತ್ತಂತೆ. ಮನೆಯಲ್ಲಿ ಮುತ್ತಜ್ಜನ ಕಾಲದ ಮದ್ದಿನ ಕೈಬರಹದ ಪುಸ್ತಕವೊಂದಿತ್ತು. ಅದರಲ್ಲಿ ತಲೆನೋವಿಗೆ ಕುಂಕುಮವನ್ನು ತುಪ್ಪದಲ್ಲಿ ಅರೆದು ಹಣೆಗೆ ಲೇಪಿಸಬೇಕೆಂದು ಬರೆದಿತ್ತು. ಸೊಸೆಯಾದವಳು ಶ್ರದ್ಧೆಯಿಂದ ದೇವರ ಮುಂದಿನ ಭರಣಿಯಿಂದ ಪೇಟೆಯಲ್ಲಿ ಕೊಂಡ ಕುಂಕುಮವನ್ನು ತೆಗೆದು, ತುಪ್ಪದಲ್ಲಿ ಕಲಸಿ, ಮಗುವಿನ ಹಣೆಗೆ ದಪ್ಪನಾಗಿ ಹಚ್ಚಿ ರಾತ್ರಿಯಿಡೀ ಬಿಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ಚರ್ಮ ಕೆರಳಿತ್ತು. ಮನೆಯ ಹಿರಿಯ ಅಮ್ಮನವರು ನಮ್ಮೊಡನೆ, "ಬರೆದದ್ದು ನಮ್ಮ ಮಾವನವರ ಅಪ್ಪಯ್ಯ. ಅವರು ಸುಳ್ಳು ಬರೆದಿರಲಾರರು. ಹುಡುಗಿ ಮಾಡಿದ್ದರಲ್ಲಿಯೂ ತಪ್ಪು ಕಾಣುವುದಿಲ್ಲ. ಮತ್ತೆ ಹೀಗೇಕಾಯಿತು?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಅಜ್ಜನವರು ಬರೆದದ್ದು ಸರಿ; ಸೊಸೆ ಓದಿದ್ದೂ ಸರಿ. ಅಜ್ಜನವರ ಕುಂಕುಮ ಬೇರೆ, ಭರಣಿಯ ಕುಂಕುಮ ಬೇರೆ. ಇಷ್ಟೇ ಉತ್ತರ. ಆದರೆ ಇಷ್ಟರ ಒಳಗೆ ಬಹಳ ಸಂಗತಿಗಳು ಅಡಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಸಂಸ್ಕೃತದಲ್ಲಿ ಕುಂಕುಮವೆಂದರೆ ಕಾಶ್ಮೀರದ ಕೇಸರಿಯೇ. ಅಮರಕೋಶದಲ್ಲಿ ಇದಕ್ಕೆ ಕಾಶ್ಮೀರಜನ್ಮ, ಅಗ್ನಿಶಿಖ, ಬಾಹ್ಲೀಕ, ರಕ್ತ, ಪಿಶುನ, ಲೋಹಿತಚಂದನ ಮೊದಲಾದ ಪರ್ಯಾಯಗಳನ್ನು ಹೇಳಿದೆ. ಪಿಶುನವೆಂದರೆ ಚಾಡಿಕೋರ. ಎಲ್ಲಿ ಬಚ್ಚಿಟ್ಟರೂ ತನ್ನ ಪರಿಮಳದಿಂದ ತಾನಿರುವ ಜಾಗವನ್ನು ಹೇಳಿಬಿಡುವ ವಸ್ತುವಿಗೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುವುದೆಂಬುದನ್ನು ಕೇಸರಿಯ ಡಬ್ಬಿಯನ್ನು ಒಮ್ಮೆ ತೆರೆದವರು ಬಲ್ಲರು. ಶ್ರೀಮದ್ಭಾಗವತದ ದಶಮಸ್ಕಂಧದ ಪ್ರವಚನವನ್ನು ಕೇಳುವಾಗ ಲಕ್ಷ್ಮೀದೇವಿಯ ಕುಂಕುಮ, ಗೋಪಿಯರ ಕುಂಕುಮ ಎಂಬ ಮಾತು ಅನೇಕ ಕಡೆ ಬರುವುದಷ್ಟೆ. ಅಲ್ಲೆಲ್ಲ ಹಣೆಗಿಡುವ ಪುಡಿಯನ್ನು ಭಾವಿಸಿದರೆ ಅರ್ಥ ಕೂಡದು. ಅದು ಗಂಧದೊಡನೆ ತೇದು ಮೈಗೆ ಪೂಸುವ ಕೇಸರಿಯ ಲೇಪ.

ನಾವು ಇಂದು ಕುಂಕುಮವೆಂದು ಕರೆಯುವ ಪುಡಿಯ ಹುಟ್ಟು ಅರಿಶಿನದಲ್ಲಿರುವುದು. ಅರಿಶಿನದ ಕೊಂಬನ್ನು ನಿಂಬೆಯ ರಸ, ಬಿಳಿಗಾರ, ಪಟಿಕ ಇವುಗಳಲ್ಲಿ ಸಂಸ್ಕರಿಸಿ, ಒಣಗಿಸಿ ಕುಟ್ಟಿದರೆ ಅದು ಕೆಂಪಾಗುವುದು. ಅರಿಶಿನಕ್ಕೆ ಸುಣ್ಣ ತಾಗಿದಾಗ ಓಕುಳಿ ಕೆಂಪಾಗುವುದನ್ನು ಮಕ್ಕಳೂ ಕಂಡಿರುವರು. ಕಾಶ್ಮೀರದ ಕುಂಕುಮವು ಎಲ್ಲರ ಕೈಗೆ ಎಟುಕುವ ವಸ್ತುವಲ್ಲವಾದ ಕಾರಣ ಅದೇ ಬಣ್ಣದ ಅರಿಶಿನದ ಪುಡಿಗೆ ಆ ಹೆಸರೂ ಮಾನವೂ ದೊರೆತವೆಂದು ನಮಗೆ ತೋರುವುದು. ಮನೆಯಲ್ಲಿ ಶುದ್ಧವಾಗಿ ಮಾಡಿದ ಕುಂಕುಮದಿಂದ ಚರ್ಮಕ್ಕೆ ಬಾಧೆ ಬರುವುದು ಅಪರೂಪ. ಪೇಟೆಯಲ್ಲಿ ದೊರೆಯುವ ಬಹುಪಾಲು ಕುಂಕುಮವು ಹಿಟ್ಟಿಗೆ ಕೃತಕ ಬಣ್ಣವನ್ನು ಕಲಸಿ ಮಾಡಿದ್ದು. ಅದರಿಂದ ಹಣೆಯಲ್ಲಿ ತುರಿಕೆ, ಕಪ್ಪು ಕಲೆ ಉಂಟಾಗುವುದನ್ನು ಚರ್ಮವೈದ್ಯರು ಬಹುಕಾಲದಿಂದ ಗುರುತಿಸಿರುವರು. ಬೊಟ್ಟಿನಷ್ಟು ಇಟ್ಟಾಗಲೇ ಕೆಲವರಿಗೆ ಹೀಗಾಗುವುದಾದರೆ, ತುಪ್ಪದಲ್ಲಿ ಕಲಸಿ ಎಳೆಯ ಮಗುವಿನ ಹಣೆಯ ತುಂಬ ರಾತ್ರಿಯಿಡೀ ಹಚ್ಚಿದಾಗ ಏನಾಗಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇನ್ನು ಸಿಂಧೂರವೆಂಬುದು ಮೂರನೆಯ ಕೆಂಪು. ಶಾಸ್ತ್ರೀಯವಾದ ಸಿಂಧೂರವು ಸೀಸದಿಂದಾದುದು. ಅದನ್ನು ಹೊಟ್ಟೆಗೆ ಸೇರಿಸುವ ಮಾತೇ ಸಲ್ಲದು.

ಹಾಗಾದರೆ ತಲೆನೋವಿಗೆ ಕೇಸರಿಯ ಲೇಪವು ಸಂಪ್ರದಾಯದಲ್ಲಿ ಉಂಟೋ ಎಂದರೆ, ಉಂಟು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಕುಂಕುಮದ ಗುಣವನ್ನು ಹೇಳುವಾಗ ಅದು ಕಟುತಿಕ್ತ ರಸವುಳ್ಳದ್ದು, ಸ್ನಿಗ್ಧವಾದದ್ದು, ತಲೆನೋವು, ವ್ರಣ, ಕ್ರಿಮಿ, ವಾಂತಿ ಇವುಗಳನ್ನು ನೀಗುವುದು, ಮುಖದ ಕಲೆಯನ್ನು ಕಳೆದು ಕಾಂತಿಯನ್ನು ಕೊಡುವುದು ಎಂದಿರುವನು. ಅವನೇ ಕುಂಕುಮದಲ್ಲಿ ಮೂರು ತರಗಳನ್ನು ವಿಂಗಡಿಸಿ, ಸೂಕ್ಷ್ಮವಾದ ಕೆಂಪು ಎಳೆಗಳುಳ್ಳ, ಕಮಲದ ಪರಿಮಳದ ಕಾಶ್ಮೀರದ್ದನ್ನು ಉತ್ತಮವೆಂದೂ, ಬಾಹ್ಲೀಕದೇಶದ್ದನ್ನು ಮಧ್ಯಮವೆಂದೂ, ಪಾರಸೀಕದ ದಪ್ಪ ಎಳೆಯದನ್ನು ಅಧಮವೆಂದೂ ಹೇಳಿರುವನು. ಇಂದು ಜಗತ್ತಿನ ಕೇಸರಿಯ ಬಹುದೊಡ್ಡ ಪಾಲು ಬರುವುದು ಆ ಪಾರಸೀಕದಿಂದಲೇ, ಎಂದರೆ ಇರಾನಿನಿಂದ. ಈಗ ಅಲ್ಲಿಯೂ ಉತ್ತಮ ತರದ ಕೇಸರಿ ಬೆಳೆಯುವುದರಿಂದ ಭಾವಮಿಶ್ರನ ಮಾತನ್ನು ಅವನ ಕಾಲದ ಸರಕಿಗೆ ಅನ್ವಯಿಸಿಕೊಳ್ಳುವುದು ಉಚಿತ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಬರುವ ಕುಂಕುಮಾದಿ ತೈಲವು ಮುಖಲೇಪಕ್ಕಾಗಿ ಇಂದಿಗೂ ವೈದ್ಯಶಾಲೆಗಳಲ್ಲಿ ತಯಾರಾಗುತ್ತಿರುವುದು. ಅರೆತಲೆನೋವಿಗೆ ಕೇಸರಿಯನ್ನು ತುಪ್ಪದಲ್ಲಿ ಪಾಕಮಾಡಿ ಸಕ್ಕರೆಯೊಡನೆ ನಸ್ಯಕ್ಕೆ ಉಪಯೋಗಿಸುವ ಕ್ರಮವೂ ವೈದ್ಯಗ್ರಂಥಗಳಲ್ಲಿದೆ. ಮೂಗಿಗೆ ಬಿಡುವ ಈ ಕ್ರಮವನ್ನು ಮನೆಯಲ್ಲಿ ಯಾರೂ ತಾವಾಗಿ ಮಾಡತಕ್ಕದ್ದಲ್ಲ. ಹಣೆಗೆ ಲೇಪಿಸುವುದಾದರೆ ನಾಲ್ಕೈದು ಎಳೆಗಳನ್ನು ಒಂದಿಷ್ಟು ತುಪ್ಪದೊಡನೆಯೋ ಶ್ರೀಗಂಧದೊಡನೆಯೋ ಸಾಣೆಕಲ್ಲಿನಲ್ಲಿ ತೇದು ತೆಳುವಾಗಿ ಹಚ್ಚಿದರೆ ಸಾಕು. ಅದರ ತಂಪಿಗೂ ಪರಿಮಳಕ್ಕೂ ಮನಸ್ಸು ಹಗುರವಾಗುವುದನ್ನು ನಾವೇ ಅನುಭವಿಸಿದ್ದೇವೆ. ಮತ್ತೆ ಮತ್ತೆ ಬರುವ ತಲೆನೋವಿಗೆ, ವಾಂತಿಯೊಡನೆ ಬರುವ ತಲೆನೋವಿಗೆ, ಜ್ವರವಿರುವಾಗಿನ ತಲೆನೋವಿಗೆ ಇದನ್ನು ನೆಚ್ಚಿಕೊಂಡು ಕುಳಿತಿರಲಾಗದು.

ಕೇಸರಿಯ ಹುಟ್ಟನ್ನು ಸ್ವಲ್ಪ ತಿಳಿಯದೆ ಅದರ ಬೆಲೆಯೂ ಪ್ರಮಾಣವೂ ಮನಸ್ಸಿಗೆ ಹತ್ತುವುದಿಲ್ಲ. ಅದು ಬೀಜದಿಂದ ಬೆಳೆಯುವ ಗಿಡವಲ್ಲ. ಗೆಡ್ಡೆಯಿಂದ ಗೆಡ್ಡೆಗೆ ಬೆಳೆಯುವುದು. ಕಾಶ್ಮೀರದ ಪುಲ್ವಾಮಾ ಜಿಲ್ಲೆಯ ಪಾಂಪೋರಿನ ಎತ್ತರದ ಬಯಲುಗಳು ಇದಕ್ಕೆ ಪ್ರಸಿದ್ಧ. ಹನ್ನೆರಡನೆಯ ಶತಮಾನದ ಕಲ್ಹಣನ ರಾಜತರಂಗಿಣಿಯಲ್ಲಿಯೂ ಕಾಶ್ಮೀರದ ಹಿರಿಮೆಗಳ ನಡುವೆ ಕುಂಕುಮದ ಎಣಿಕೆಯಿದೆ. ಅಕ್ಟೋಬರ್ ತಿಂಗಳ ಕೊನೆಯಿಂದ ನವೆಂಬರ್ ತಿಂಗಳ ಮೊದಲ ಭಾಗದವರೆಗೆ, ಅಂದರೆ ಹೆಚ್ಚಾಗಿ ನಮ್ಮ ಮನೆಗಳಲ್ಲಿ ದ್ವಿದಳವ್ರತ ನಡೆಯುವ ದಿನಗಳಲ್ಲಿ, ಅಲ್ಲಿ ನೇರಿಳೆ ಬಣ್ಣದ ಹೂವುಗಳು ಅರಳುವುವು. ಒಂದೊಂದು ಹೂವಿನ ನಡುವೆ ಮೂರೇ ಕೆಂಪು ಎಳೆಗಳು. ಅವುಗಳನ್ನು ಕೈಯಿಂದ ಬಿಡಿಸಿ ಒಣಗಿಸಬೇಕು. ಒಂದು ಕಿಲೋಗ್ರಾಂ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವುಗಳು ಬೇಕಾಗುವುವು. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಗೆಡ್ಡೆಗೆ ಚಳಿಗಾಲದ ಕಡುಚಳಿ ಬೇಕು, ನೀರು ನಿಲ್ಲದ ನೆಲ ಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕುಮಾರಧಾರೆಯ ತೀರದಲ್ಲಿ ಅದನ್ನು ಹೊರಗೆ ನೆಟ್ಟರೆ ಕೊಳೆತುಹೋಗುವುದು ನಿಶ್ಚಯ. ಈಚಿನ ವರ್ಷಗಳಲ್ಲಿ ಉಡುಪಿಯ ಕಡೆಯ ಉತ್ಸಾಹಿ ತರುಣರು ತಂಪುಮಾಡಿದ ಕೋಣೆಯೊಳಗೆ ಹೂ ಬಿಡಿಸಿ ತೋರಿಸಿರುವುದುಂಟು. ಅದು ಬೇರೆ ಮಾತು, ತೋಟದ ಬೆಳೆಯಲ್ಲ.

ಮೇಲಿನ ಲೆಕ್ಕದಿಂದ ಗೃಹಿಣಿಯರಿಗೆ ಉಪಯೋಗವಾಗುವ ಇನ್ನೊಂದು ಲೆಕ್ಕವನ್ನು ತೆಗೆಯಬಹುದು. ಒಂದೂವರೆ ಲಕ್ಷ ಹೂವಿಗೆ ನಾಲ್ಕೂವರೆ ಲಕ್ಷ ಎಳೆ. ಅದು ಒಂದು ಕಿಲೋಗ್ರಾಂ. ಆದುದರಿಂದ ಒಂದು ಗ್ರಾಂ ಕೇಸರಿಯಲ್ಲಿ ಸುಮಾರು 450 ಎಳೆಗಳು. ಒಂದು ಲೋಟ ಹಾಲಿಗೆ ನಾವು ಹಾಕುವ ನಾಲ್ಕೈದು ಎಳೆಗಳ ತೂಕ ಸುಮಾರು ಹತ್ತು ಮಿಲಿಗ್ರಾಂ ಮಾತ್ರ. ಈ ಮಿತಿಯಲ್ಲಿರುವವರೆಗೆ ಭಯಕ್ಕೆ ಕಾರಣವಿಲ್ಲ. ವಯಸ್ಕರಿಗೆ ದಿನವೊಂದಕ್ಕೆ ಒಂದೂವರೆ ಗ್ರಾಂವರೆಗೆ ತೊಂದರೆ ಕಂಡುಬಂದಿಲ್ಲವೆಂದು ದ್ರವ್ಯತಜ್ಞರು ಹೇಳುವರು. ಐದು ಗ್ರಾಂ ಮೀರಿದರೆ ವಿಷದ ಲಕ್ಷಣಗಳು ತೋರುವುವು. ಹತ್ತು ಗ್ರಾಂ ಗರ್ಭಪಾತಕ್ಕೆ ಕಾರಣವಾಗಬಹುದೆಂದು ಎಣಿಸಲಾಗಿದೆ. ಬೆಲೆಯೇ ಇಲ್ಲಿ ಕಾವಲುಗಾರನಾಗಿ ನಿಂತಿರುವುದು ದೈವಕೃಪೆಯೆನ್ನಬೇಕು. ಹತ್ತು ಗ್ರಾಂ ಕೇಸರಿಯನ್ನು ಒಮ್ಮೆಗೆ ಹಾಲಿಗೆ ಸುರಿಯುವ ಸಿರಿವಂತರು ನಮ್ಮಲ್ಲಿ ವಿರಳ.

ಗರ್ಭಿಣಿಯರ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಸೀಮಂತದ ದಿನಗಳಿಂದ ಮೊದಲ್ಗೊಂಡು ಕೇಸರಿಹಾಲು ಕೊಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ವೈದ್ಯರ ಒಪ್ಪಿಗೆಯಿಂದ, ಎರಡು ನಾಲ್ಕು ಎಳೆಗಳ ಮಿತಿಯಲ್ಲಿ ಕೊಟ್ಟರೆ ದೋಷವಿಲ್ಲ. ಹಾಲು ಸೇರದ ಗರ್ಭಿಣಿಯು ಆ ಪರಿಮಳದ ನೆಪದಿಂದ ಒಂದು ಲೋಟ ಹಾಲು ಕುಡಿದರೆ ಅದೇ ಒಂದು ಲಾಭ. ಆದರೆ ಮಗು ಬೆಳ್ಳಗೆ ಹುಟ್ಟಲೆಂದು ಕೊಡುವುದಾದರೆ ಆ ಆಸೆಯನ್ನು ಬಿಡಬೇಕು. ಮೈಬಣ್ಣವು ತಂದೆತಾಯಿಗಳ ವಂಶದಿಂದ ಬರುವುದು. ತಾಯಿ ಕುಡಿದ ಕೇಸರಿಯಿಂದ ಬದಲಾಗುವುದಿಲ್ಲ. ಶ್ರೀಕೃಷ್ಣನನ್ನು ನೀಲಮೇಘಶ್ಯಾಮನೆಂದು ದಿನವೂ ಹಾಡುವ ಮನೆಗಳಲ್ಲಿ ಈ ಹಂಬಲ ಏಕೆ ಬೇರೂರಿತೋ ನಾವರಿಯೆವು. ಹೆಚ್ಚು ಹಾಕಿದರೆ ಹೆಚ್ಚು ಬಣ್ಣವೆಂಬ ಭ್ರಮೆಯಿಂದ ಪ್ರಮಾಣವನ್ನು ಏರಿಸುವವರೂ ಇರುವುದರಿಂದ ಇಷ್ಟು ಒತ್ತಿ ಹೇಳಬೇಕಾಯಿತು.

ಕೂಸುಗಳಿಗೆ ಶೀತವಾದಾಗ ಕೇಸರಿಯನ್ನು ಜೇನಿನಲ್ಲಿ ತೇದು ನೆಕ್ಕಿಸುವುದು ಮತ್ತೊಂದು ಪದ್ಧತಿ. ಇಲ್ಲಿ ಅಂಜಿಕೆ ಜೇನಿನದು. ವರ್ಷ ತುಂಬದ ಮಗುವಿನ ಹೊಟ್ಟೆಯಲ್ಲಿ ಜೇನಿನೊಳಗಣ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಾಣು ಮೊಳೆತು ವಿಷವನ್ನುಂಟುಮಾಡಿ ಸ್ನಾಯುಗಳನ್ನು ಸೋಲಿಸಬಹುದೆಂದು ಇಂದಿನ ವೈದ್ಯಶಾಸ್ತ್ರ ತೋರಿಸಿಕೊಟ್ಟಿದೆ. ಆದುದರಿಂದ ಮೊದಲ ಹನ್ನೆರಡು ತಿಂಗಳು ಜೇನು ಬೇಡ. ಜಾತಕರ್ಮದಲ್ಲಿ ಮಧುಪ್ರಾಶನವಿದೆಯಲ್ಲ ಎಂದು ಕೇಳುವವರುಂಟು. ಆ ವಿಷಯದಲ್ಲಿ ಮನೆಯ ಪುರೋಹಿತರನ್ನೂ ಮಕ್ಕಳ ವೈದ್ಯರನ್ನೂ ಮೊದಲೇ ಕೇಳಿ ನಿಶ್ಚಯಿಸಿಕೊಳ್ಳುವುದು ಯುಕ್ತ. ನಿತ್ಯದ ಮದ್ದಿಗೆ ಆ ಸಂಸ್ಕಾರವನ್ನು ನೆಪಮಾಡಲಾಗದು.

ಇನ್ನು ಮನಸ್ಸಿನ ಕುಗ್ಗುವಿಕೆಗೆ ಕೇಸರಿಯಿಂದ ಉಪಶಮನವಾಗುವುದೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಇದಕ್ಕೆ ಆಧಾರವಿಲ್ಲದಿಲ್ಲ. ಇರಾನಿನ ತೆಹರಾನಿನ ವೈದ್ಯರು 2004ರಿಂದೀಚೆಗೆ ಸೌಮ್ಯ ಮತ್ತು ಮಧ್ಯಮ ತರದ ಖಿನ್ನತೆಯ ರೋಗಿಗಳಿಗೆ ದಿನಕ್ಕೆ 30 ಮಿಲಿಗ್ರಾಂನಂತೆ ಆರು ವಾರ ಕೊಟ್ಟು, ಔಷಧಗಳೊಡನೆ ಹೋಲಿಸಿ ನೋಡಿ, ಉಪಕಾರವನ್ನು ಕಂಡರು. ನಮ್ಮ ಲೆಕ್ಕದಲ್ಲಿ ಇದು ಹದಿಮೂರು ಹದಿನಾಲ್ಕು ಎಳೆ. ಆದರೆ ಆ ಪರೀಕ್ಷೆಗಳಲ್ಲಿ ಪಾಲ್ಗೊಂಡ ರೋಗಿಗಳು ಕೆಲವೇ ಮಂದಿ, ಕಾಲವೂ ಅಲ್ಪ. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಕೇಸರಿಹಾಲಿಗೆ ತಿರುಗಲು ಇದು ಸಾಲದು. ರಕ್ತ ಹೆಪ್ಪುಗಟ್ಟದಂತೆ ಮದ್ದು ಸೇವಿಸುತ್ತಿರುವ ಹಿರಿಯರೂ ದಿನವೂ ಸೇವಿಸುವ ಮೊದಲು ವೈದ್ಯರಿಗೆ ತಿಳಿಸಬೇಕು.

ಈಗ ಕೇಸರ ಎಂಬ ಪದಕ್ಕೆ ಬರೋಣ. ನಮ್ಮ ಸೀಮೆಯವರಿಗೆ ಇದು ಕುಂಕುಮಕ್ಕಿಂತಲೂ ಮುಖ್ಯವಾದ ವಿಚಾರ. ಕೇಸರವೆಂದರೆ ಹೂವಿನ ನಡುವಿನ ಎಳೆ. ಸಸ್ಯಶಾಸ್ತ್ರದವರು ಗಂಡುಭಾಗಕ್ಕೆ ಆ ಹೆಸರನ್ನು ಇಟ್ಟಿರುವರು. ವಿನೋದವೆಂದರೆ ಕಾಶ್ಮೀರದ ಕೇಸರಿಯಲ್ಲಿ ನಾವು ಬಳಸುವುದು ಆ ಕೇಸರವನ್ನಲ್ಲ, ಹೆಣ್ಣುಭಾಗದ ತುದಿಯಾದ ಶಲಾಕಾಗ್ರವನ್ನು. ನಿಜವಾಗಿ ಕೇಸರವನ್ನೇ ಮದ್ದಿಗೆ ಬಳಸುವುದು ನಾಗಕೇಸರದಲ್ಲಿ. ಅದು ನಮ್ಮ ಕಾಡಿನ ಮರ, ನಾಗಸಂಪಿಗೆ. ಘಟ್ಟದ ಬುಡದ ಕಾಡುಗಳಲ್ಲಿಯೂ ಎಷ್ಟೋ ನಾಗಬನಗಳಲ್ಲಿಯೂ ಇದನ್ನು ಕಾಣಬಹುದು. ಚಿಗುರು ಕೆಂಪು, ಮರ ಕಬ್ಬಿಣದಂತೆ ಗಟ್ಟಿ, ನಾಲ್ಕು ಬಿಳಿಯ ಎಸಳುಗಳ ನಡುವೆ ಹಳದಿಯ ಎಳೆಗಳ ದಟ್ಟವಾದ ಗೊಂಚಲು. ಚಂಪಾಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋಗುವವರು ಕಾಶ್ಮೀರದ ಕೇಸರಿಯೆಂದು ಜಾತ್ರೆಯಲ್ಲಿ ಪೊಟ್ಟಣ ಕೊಳ್ಳುವ ಮೊದಲು, ದಾರಿಯ ಕಾಡಿನಲ್ಲಿಯೇ ಗ್ರಂಥೋಕ್ತವಾದ ಒಂದು ಕೇಸರ ಇರುವುದನ್ನು ನೆನೆದರೆ ಒಳಿತು.

ವೈದ್ಯಗ್ರಂಥಗಳಲ್ಲಿ ಏಲಕ್ಕಿ, ದಾಲ್ಚಿನ್ನಿ, ಪತ್ರೆ ಇವುಗಳೊಡನೆ ಕೇಸರವೆಂದು ಬಂದರೆ ಅದು ನಾಗಕೇಸರವೇ. ಈ ನಾಲ್ಕಕ್ಕೆ ಚಾತುರ್ಜಾತವೆಂದು ಹೆಸರು. ಚರಕಸಂಹಿತೆಯ ಚ್ಯವನಪ್ರಾಶದಲ್ಲಿ ಕೊನೆಗೆ ಸೇರಿಸುವ ಕೇಸರವೂ ಇದೇ. ಪೇಟೆಯ ಕೆಲವು ಚ್ಯವನಪ್ರಾಶಗಳಲ್ಲಿ ಕಾಶ್ಮೀರದ ಕೇಸರಿಯನ್ನು ಸೇರಿಸಿ ಮಾರುವುದುಂಟು. ಸೇರಿಸಿದರೆ ಹಾನಿಯೇನಿಲ್ಲ, ಮೂಲದಲ್ಲಿ ಹೇಳಿದ್ದು ಅದಲ್ಲವೆಂದಷ್ಟೇ ನಮ್ಮ ಅಭಿಪ್ರಾಯ. ಚರಕನು ರಕ್ತ ಬೀಳುವ ಮೂಲವ್ಯಾಧಿಗೆ ಬೆಣ್ಣೆ, ಸಕ್ಕರೆಗಳೊಡನೆ ಕೇಸರವನ್ನು ಹೇಳಿರುವನು. ಅಲ್ಲಿಯೂ ನಾಗಕೇಸರವೆಂದೋ ಕಮಲದ ಕೇಸರವೆಂದೋ ಬಲ್ಲವರು ಅರ್ಥಮಾಡುವರೇ ಹೊರತು ಕಾಶ್ಮೀರದ ಕುಂಕುಮವೆಂದಲ್ಲ. ಈ ಯೋಗವನ್ನು ಓದಿ ಸಾವಿರಾರು ರೂಪಾಯಿಗಳ ಕೇಸರಿಯನ್ನು ಬೆಣ್ಣೆಯಲ್ಲಿ ತಿಂದು ಫಲ ಕಾಣದೆ ಶಾಸ್ತ್ರವನ್ನು ದೂರಿದವರೊಬ್ಬರನ್ನು ನಾವು ಬಲ್ಲೆವು. ಪಾಪ, ಅವರ ರೋಗ ಬಾಧಿಸಿದ್ದಕ್ಕಿಂತ ಹಣ ಹೋದದ್ದೇ ಹೆಚ್ಚು ಬಾಧಿಸಿತು. ನಾಗಕೇಸರವನ್ನು ಕೊಳ್ಳುವಾಗಲೂ ನೋಡಿ ಕೊಳ್ಳಬೇಕು. ದಕ್ಷಿಣದ ಅಂಗಡಿಗಳಲ್ಲಿ ಆ ಹೆಸರಿನಿಂದ ದಾಲ್ಚಿನ್ನಿಯ ಜಾತಿಯ ಎಳೆಗಾಯಿಗಳನ್ನು ಕೊಡುವುದು ಬಹುಕಾಲದ ರೂಢಿ. ಬನದ ಮರದಿಂದ ಹೂ ಕೊಯ್ಯುವ ವಿಚಾರವನ್ನು ಆಯಾ ಮನೆತನದ ಹಿರಿಯರಿಗೇ ಬಿಡುವೆವು.

ಕುಂಕುಮದ ಮರವೆಂಬುದೂ ನಮ್ಮ ಕಾಡಂಚಿನಲ್ಲಿದೆ. ಅದರ ಸಣ್ಣ ಕಾಯಿಗಳ ಮೇಲಿನ ಕೆಂಪು ಧೂಳನ್ನು ಸಂಸ್ಕೃತದಲ್ಲಿ ಕಂಪಿಲ್ಲಕವೆನ್ನುವರು. ಅದು ಹೊಟ್ಟೆಯ ಹುಳುವಿಗೆ ಹೇಳಿದ ಬಲವಾದ ವಿರೇಚಕ. ರೇಷ್ಮೆಗೆ ಬಣ್ಣವನ್ನೂ ಕೊಡುವುದು. ಕೇಸರಿಯ ಬದಲು ಇದನ್ನು ಹಾಲಿಗೆ ಹಾಕಿದವನ ಗತಿಯನ್ನು ಊಹಿಸಬಹುದು.

ಇವೆಲ್ಲಕ್ಕಿಂತ ಭಯಂಕರವಾದದ್ದು ಅಗ್ನಿಶಿಖೆಯ ಗೊಂದಲ. ಅಮರಕೋಶದಲ್ಲಿ ಕುಂಕುಮಕ್ಕೆ ಅಗ್ನಿಶಿಖವೆಂಬ ಹೆಸರಿರುವುದನ್ನು ಮೇಲೆ ಹೇಳಿದೆವು, ಅದು ನಪುಂಸಕಲಿಂಗ. ಅದೇ ಕೋಶದ ವನೌಷಧಿವರ್ಗದಲ್ಲಿ ಸ್ತ್ರೀಲಿಂಗದ ಅಗ್ನಿಶಿಖಾ ಎಂಬುದು ಲಾಂಗಲಿಯ ಹೆಸರು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಹಬ್ಬಿ, ಎಲೆಯ ತುದಿಯಿಂದಲೇ ಆಸರೆಯನ್ನು ಸುತ್ತಿಕೊಂಡು, ಬೆಂಕಿಯ ನಾಲಗೆಯಂತೆ ಕೆಂಪು ಹಳದಿಯ ಎಸಳುಗಳನ್ನು ಮೇಲಕ್ಕೆ ಚಾಚುವ ಗೌರಿಹೂವೇ ಅದು. ಸಂಸ್ಕೃತ ಓದುವವನಿಗೆ ಲಿಂಗಭೇದವು ಕೈಹಿಡಿಯುವುದು. ಕನ್ನಡಕ್ಕೆ ಇಳಿಸಿ ಬರೆದುಕೊಂಡವನ ಪುಸ್ತಕದಲ್ಲಿ ಎರಡೂ ಒಂದೇ ಆಗಿಬಿಡಬಹುದು. ಕುಂಕುಮವೆಂಬ ಅಗ್ನಿಶಿಖವು ಹಾಲಿಗೆ ಸಲ್ಲುವ ವಸ್ತು. ಲಾಂಗಲಿಯಾದರೋ ಉಪವಿಷಗಳಲ್ಲಿ ಒಂದು. ಅದರ ಗೆಡ್ಡೆಯಲ್ಲಿರುವ ವಿಷವು ಕೆಲವು ಗಂಟೆಗಳಲ್ಲಿ ತೀವ್ರವಾದ ವಾಂತಿಭೇದಿಗಳನ್ನು ಹುಟ್ಟಿಸಿ, ಪ್ರಾಣವನ್ನೂ ತೆಗೆಯಬಲ್ಲದು. ನಿಘಂಟುಗಳಲ್ಲಿ ಅದಕ್ಕೆ ಗರ್ಭನುತ್, ಅಂದರೆ ಗರ್ಭವನ್ನು ತಳ್ಳುವಂಥದು, ಎಂಬ ಹೆಸರೂ ಇದೆ. ಗರ್ಭಿಣಿಗೆಂದು ಬರೆದ ಸಾಲಿನಲ್ಲಿ ಅಗ್ನಿಶಿಖೆಯ ಹೆಸರನ್ನು ಕಂಡು ಬೇಲಿಯ ಕಡೆಗೆ ನಡೆದರೆ ಏನಾದೀತೆಂದು ಎಣಿಸಲೂ ಮನಸ್ಸು ಹಿಂಜರಿಯುವುದು. ಯಾರಾದರೂ ತಪ್ಪಿ ಸೇವಿಸಿದುದು ತಿಳಿದರೆ ವಾಂತಿಯಾಗುವವರೆಗೆ ಕಾಯದೆ, ಗಿಡದ ತುಂಡನ್ನೂ ಕೈಯಲ್ಲಿ ಹಿಡಿದು, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಗ್ರಂಥಪಾಠ ಕೇಳಿದವರಿಗೆ ಒಂದು ಪದದ ಅರ್ಥವನ್ನು ಉಪಕ್ರಮ, ಉಪಸಂಹಾರಗಳಿಂದಲೂ ಪ್ರಕರಣದಿಂದಲೂ ನಿಶ್ಚಯಿಸಬೇಕೆಂಬುದು ಹೊಸ ಮಾತಲ್ಲ. ಮದ್ದಿನ ಪುಸ್ತಕವನ್ನೂ ಹಾಗೆಯೇ ಓದಬೇಕಾಗುವುದು. ಯಾವ ರೋಗಕ್ಕೆ ಹೇಳಿದೆ, ಜೊತೆಯ ದ್ರವ್ಯಗಳು ಯಾವುವು, ಹೊರಗಿನ ಲೇಪವೋ ಒಳಗಿನ ಸೇವನೆಯೋ, ಪ್ರಮಾಣವನ್ನು ಎಳೆಯಲ್ಲಿ ಹೇಳಿದೆಯೋ ತೊಲೆಯಲ್ಲಿ ಹೇಳಿದೆಯೋ ಎಂದು ನೋಡಿದರೆ ಬಹಳಷ್ಟು ಕಡೆ ವಸ್ತುವು ತಾನಾಗಿ ಗೊತ್ತಾಗುವುದು. ಗೊತ್ತಾಗದಿದ್ದಲ್ಲಿ ಆಯುರ್ವೇದವನ್ನು ಕ್ರಮವಾಗಿ ಓದಿದ ವೈದ್ಯರನ್ನು ಕೇಳಬೇಕು. ಪುಸ್ತಕವನ್ನು ಹರಿದೊಗೆಯುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ.

ಕೇಸರಿಯೆಂದು ಕೊಂಡದ್ದು ಕೇಸರಿಯೇ ಎಂದು ಮನೆಯಲ್ಲಿ ನೋಡುವ ಬಗೆಯನ್ನು ಅನೇಕರು ಕೇಳಿರುವರು. ಉತ್ತರ ಕರ್ನಾಟಕದಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಎಸಳು, ಬಣ್ಣ ಹಾಕಿದ ಜೋಳದ ತೆನೆಯ ಕೂದಲು, ಚೆಂಡುಹೂವಿನ ಎಸಳಿನ ಚೂರು, ತೆಂಗಿನ ನಾರು ಇವೆಲ್ಲ ಕೇಸರಿಯ ವೇಷ ಧರಿಸಿ ಬರುವುವು. ಕುಸುಬೆಯ ಹೂವಿಗೂ ವೈದ್ಯದಲ್ಲಿ ಅದರದೇ ಸ್ಥಾನವಿದೆ, ಅದು ಕೆಟ್ಟದ್ದಲ್ಲ. ಕೇಸರಿಯ ಬೆಲೆ ತೆತ್ತು ಅದನ್ನು ತರುವುದು ಮೋಸ. ಗಾಜಿನ ಲೋಟದಲ್ಲಿ ಉಗುರುಬೆಚ್ಚಗಿನ ನೀರಿಟ್ಟು ನಾಲ್ಕು ಎಳೆ ಹಾಕಿರಿ. ನಿಜವಾದ ಕೇಸರಿಯು ಅವಸರವಿಲ್ಲದೆ ಹೊನ್ನಿನಂತಹ ಹಳದಿಯನ್ನು ಬಿಡುತ್ತಾ ಹೋಗುವುದು. ಎಳೆಯು ಬಹಳ ಹೊತ್ತು ಕೆಂಪಾಗಿಯೇ ಉಳಿಯುವುದು. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬಿಳಚಿಕೊಂಡರೆ ಅದು ಬಣ್ಣ ಹಾಕಿದ ಸರಕು. ನೆನೆದ ಎಳೆಯ ಒಂದು ತುದಿ ಕಹಳೆಯ ಬಾಯಂತೆ ಅಗಲವಾಗಿರುವುದನ್ನೂ ನೋಡಬಹುದು. ನಾಲಗೆಗೆ ಕೇಸರಿ ಸಿಹಿಯಲ್ಲ, ನಸುಗಹಿ. ಸಿಹಿಯಾದರೆ ತೂಕಕ್ಕೆ ಸಕ್ಕರೆಯ ಪಾಕ ಪೂಸಿದ್ದೆಂದು ಶಂಕಿಸಬೇಕು. ಪುಡಿಮಾಡಿದ ಕೇಸರಿಯನ್ನು ಕೊಳ್ಳಲೇಬಾರದು. ಶೀರಾದ ಕೇಸರಿ ಬಣ್ಣವೆಂದು ಅಂಗಡಿಯಲ್ಲಿ ದೊರೆಯುವ ಪುಡಿಗೂ ಈ ಹೂವಿಗೂ ಯಾವ ನಂಟೂ ಇಲ್ಲ.

ಬಳಸುವಾಗ ಕುದಿಯುವ ಹಾಲಿಗೆ ಎಳೆಗಳನ್ನು ಎಸೆಯದೆ, ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ಅರ್ಧ ಗಂಟೆ ನೆನೆಸಿಟ್ಟು ಅನಂತರ ಬೆರೆಸಿದರೆ ಬಣ್ಣವೂ ಪರಿಮಳವೂ ಪೂರ್ತಿ ಇಳಿಯುವುವು. ಭಾದ್ರಪದ ಶುದ್ಧ ಏಕಾದಶಿಯಿಂದ ಆಶ್ವಯುಜ ಶುದ್ಧ ದಶಮಿಯವರೆಗೆ ಕ್ಷೀರವ್ರತವಿರುವ ಮನೆಗಳಲ್ಲಿ ಹಾಲಿಗೆ ಬದಲು ಬಿಸಿನೀರಿನಲ್ಲಿ ನೆನೆಸಬಹುದು. ಕೇಸರಿಯ ಬಣ್ಣವು ನೀರಿನಲ್ಲಿ ಚೆನ್ನಾಗಿ ಕರಗುವಂಥದೇ. ನಮ್ಮ ಆಟಿ ತಿಂಗಳ ತೇವದಲ್ಲಿ ಕಾಗದದ ಪೊಟ್ಟಣದಲ್ಲಿಟ್ಟ ಕೇಸರಿಗೆ ಬೂಸು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಬಿಗಿಯಾದ ಮುಚ್ಚಳದ ಸಣ್ಣ ಬಾಟಲಿಯಲ್ಲಿ, ಬೆಳಕು ಬೀಳದ ಕಡೆ, ಒಲೆಯಿಂದ ದೂರ ಇಡಬೇಕು. ಒದ್ದೆಯ ಬೆರಳನ್ನು ಅದರೊಳಗೆ ಹಾಕಬಾರದು. ದೇವರ ಗಂಧಕ್ಕೆಂದು ಇಟ್ಟದ್ದನ್ನೂ ಮದ್ದಿಗೆಂದು ಇಟ್ಟದ್ದನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಹೆಸರು ಬರೆದಿಟ್ಟರೆ ಅನುಕೂಲ.

ಕಡಬದ ಆ ಮಗುವಿನ ಹಣೆ ವೈದ್ಯರ ಮುಲಾಮಿನಿಂದ ಹದಿನೈದು ದಿನಗಳಲ್ಲಿ ವಾಸಿಯಾಯಿತು. ನಾವು ಮತ್ತೊಮ್ಮೆ ಹೋದಾಗ ಹಿರಿಯ ಅಮ್ಮನವರು ಪುಸ್ತಕವನ್ನು ತಂದು ಮುಂದಿಟ್ಟರು. ಸೊಸೆಯು ತಲೆನೋವಿನ ಸಾಲಿನ ಅಂಚಿನಲ್ಲಿ ಸೀಸದ ಕಡ್ಡಿಯಿಂದ "ಕಾಶ್ಮೀರದ್ದು, ಭರಣಿಯದಲ್ಲ" ಎಂದು ಬರೆದಿದ್ದಳು. ಇನ್ನೂ ಎಂಟು ಕಡೆ ಕುಂಕುಮ, ಕೇಸರ ಎಂಬ ಪದಗಳಿದ್ದುವು. ಒಟ್ಟಿಗೆ ಕುಳಿತು ಆರನ್ನು ಬಿಡಿಸಿದೆವು: ನಾಲ್ಕು ನಾಗಕೇಸರ, ಎರಡು ಕಾಶ್ಮೀರದ ಕೇಸರಿ. ಉಳಿದ ಎರಡರ ಎದುರಿಗೂ, ಕೊನೆಯ ಹಾಳೆಯಲ್ಲಿ ಬರಿದೇ "ಅಗ್ನಿಶಿಖೆ" ಎಂದಿದ್ದ ಒಂದು ಸಾಲಿನ ಎದುರಿಗೂ ಅಡ್ಡಗೆರೆ ಎಳೆದು, ವೈದ್ಯರಿಗೆ ತೋರಿಸುವವರೆಗೆ ಯಾರೂ ಮಾಡತಕ್ಕದ್ದಲ್ಲವೆಂದು ಆಕೆಯ ಕೈಯಿಂದಲೇ ಬರೆಯಿಸಿದೆವು.